ಅತ್ತೆಯ ಕೈ, ಕಂಪ್ಯೂಟರಿನ ಬಿಸಿ

ನಮ್ಮ ಅತ್ತೆ ಬಟ್ಟೆ ಕಟ್ಟಿಕೊಂಡು ತಮ್ಮನ ಊರು ದುದ್ದಕ್ಕೆ ಹೊರಟು ನಿಂತದ್ದು ನನ್ನ ಜೊತೆ ಜಗಳವಾಡಿ ಅಲ್ಲ. ಜಗಳವಾಗಿದ್ದರೆ ನನಗೆ ಸುಲಭವಿತ್ತು. ಅವರು ಎರಡು ಅಂದರೆ ನಾನು ನಾಲ್ಕು ಅಂದು, ಸಂಜೆ ಕಾಫಿ ಹೊತ್ತಿಗೆ ಎಲ್ಲ ಸರಿಹೋಗುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಹಾಗೇ ನಡೆದಿದೆ. ಅವರು ಹೊರಟಿದ್ದು ನನ್ನ ಕಂಪ್ಯೂಟರ್ ಕಾದು ಕಾದು ಆರಿಹೋಗುತ್ತಿದೆ ಅಂತ. ತಮ್ಮ ಕೈ ತಾಕಿದ್ದಕ್ಕೇ ಅದು ಕೆಟ್ಟಿತು, ತಾವು ಈ ಮನೆಯಲ್ಲಿದ್ದರೆ ನನ್ನ ಅನ್ನ ಹಾಳಾಗುತ್ತದೆ ಅಂತ. ಇದಕ್ಕೆ ಏನು ಹೇಳುವುದು ಹೇಳಿ? ಪ್ರೊಸೆಸರಿನ ಬಿಸಿಗೂ ವಿಧವೆಯ ಕೈಗೂ ಗಂಟು ಹಾಕುವವರ ಎದುರು ನನ್ನಂಥ ಬಾಯಿಬಡುಕಿಯ ವಾದವೂ ನಡೆಯಲಿಲ್ಲ.

ನಾನು ಮದ್ದೂರಿನಲ್ಲಿ ಮನೆಯಲ್ಲೇ ಕೂತು ಮದುವೆ ವಿಡಿಯೋಗಳನ್ನು ಎಡಿಟ್ ಮಾಡುವವಳು. ಕ್ಯಾಮೆರಾದವರು ತಾವು ತೆಗೆದದ್ದನ್ನೆಲ್ಲ ತಂದು ಸುರಿಯುತ್ತಾರೆ. ನಾನು ಕತ್ತರಿಸಿ, ಜೋಡಿಸಿ, ನಾಗಸ್ವರ ಕೂರಿಸಿ ಕೊಡುತ್ತೇನೆ. ಮೊದಲು ಮಂಡ್ಯದ ಒಂದು ಸ್ಟುಡಿಯೋದಲ್ಲಿ ಇದೇ ಕೆಲಸ ಮಾಡುತ್ತಿದ್ದೆ. ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಬಂದು ಸಾಕಾಗಿ, ಸ್ವಂತಕ್ಕೆ ಒಂದು ಕಂಪ್ಯೂಟರ್ ತಗೊಳ್ಳುತ್ತೇನೆ ಅಂದಾಗ ನನ್ನ ಗಂಡ ಗೋಡೆ ನೋಡಿಕೊಂಡು ಕೂತರು. ಅವರು ಹನಕೆರೆ ಕಡೆ ಶಾಲೆಯಲ್ಲಿ ಮೇಷ್ಟ್ರು. ಯಾವುದಕ್ಕೂ ಹೂಂ ಅನ್ನದೆ ಊಹೂಂ ಅನ್ನದೆ ಇರುವುದು ಅವರ ಸ್ವಭಾವ. ಹೂಂ ಅಂದವರು ಅತ್ತೆ.

"ನಂಗೆ ಮಂಚ ಒಂದಿದ್ರೆ ಸಾಕು ಕಣಮ್ಮ. ಆ ಗ್ವಾಡೆ ಕಡೆ ನಿನ್ ಮಿಸಿನ್ನು ಇಟ್ಕೊ. ಬಸ್ಸಲ್ಲಿ ತೂರಾಡ್ಕಂಡು ಓಗಾದು ಸಾಕು ಬುಡು," ಅಂದು ತಮ್ಮ ಕೋಣೆಯ ಅರ್ಧ ಬಿಟ್ಟುಕೊಟ್ಟರು.

ಅಲ್ಲಿಂದ ನಮ್ಮಿಬ್ಬರ ಹಗಲೆಲ್ಲ ಆ ಕೋಣೆಯಲ್ಲೇ. ನಾನು ಪರದೆಯ ಮುಂದೆ. ಅವರು ಪಕ್ಕದಲ್ಲಿ ಚಾಪೆ ಹಾಸಿ, ಮಡಿಲಲ್ಲಿ ಅರಳೆ ಹಾಕಿಕೊಂಡು, ದೇವರ ದೀಪಕ್ಕೆ ಹೂಬತ್ತಿ ಹೊಸೆಯುತ್ತಾ. ಹೊಸೆಯುತ್ತಾ ನನ್ನ ಪರದೆಯ ಮದುವೆಗಳಿಗೆಲ್ಲ ವ್ಯಾಖ್ಯಾನ ಬೇರೆ. "ಆ ಉಡ್ಗಿ ನೋಡು, ತಾಳಿ ಕಟ್ಟೋವಾಗ ಆಕಳಿಸ್ತಾ ಅವ್ಳೆ. ಅದ್ನ ತಗದು ಬುಡು, ಪಾಪ." "ಆ ಗಂಡಿನ ಮಾವ ಊಟದ ಎಲೆ ಬುಟ್ಟು ಏಳ್ತಾನೇ ಇಲ್ವಲ್ಲೇ!" ನಾನು ನಗುತ್ತಾ ಕತ್ತರಿಸುತ್ತಿದ್ದೆ. ಅಷ್ಟು ಸುಖವಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ.

ಆ ವರ್ಷ ಆಯುಧಪೂಜೆಗೆ ಕಂಪ್ಯೂಟರನ್ನೂ ಒರೆಸಿ, ಹೂ ಇಟ್ಟು, "ನೀವೇ ಮಾಡಿ ಅತ್ತೆ, ಜಾಗ ಕೊಟ್ಟೋರು ನೀವು" ಅಂದೆ. ಅವರು ಖುಷಿಯಿಂದಲೇ ಅರಿಶಿನ ಕುಂಕುಮ ಇಟ್ಟು ಆರತಿ ಎತ್ತಿದರು. ಹಬ್ಬಕ್ಕೆ ಬಂದಿದ್ದ ಮಳವಳ್ಳಿಯ ದೊಡ್ಡಮ್ಮ, ಅಂದರೆ ನನ್ನ ಮಾವನ ಅಣ್ಣನ ಹೆಂಡತಿ, ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಅಂದೇಬಿಟ್ಟರು: "ಒಸ ಮಿಸಿನ್ನಿಗೆ ನಿನ್ ಕೈಲಿ ಯಾಕವ್ವ ಪೂಜೆ? ಮನೇಲಿ ಮುತ್ತೈದೇರು ಇಲ್ವಾ?"

ನನ್ನ ಮೈಯೆಲ್ಲ ಉರಿದುಹೋಯಿತು. ಮಾವ ತೀರಿಕೊಂಡ ಮೇಲೆ ಈ ಮನೆಯನ್ನು ಎತ್ತಿ ನಿಲ್ಲಿಸಿದ ಕೈ ಅದು. "ನಾನೇ ಮಾಡ್ಸಿದ್ದು ದೊಡ್ಡಮ್ಮ, ನಿಮಗೇನು ಕಷ್ಟ?" ಅಂದೆ. ದೊಡ್ಡಮ್ಮ ಮುಖ ಸಿಂಡರಿಸಿಕೊಂಡು ಒಬ್ಬಟ್ಟಿಗೆ ಕೈ ಹಾಕಿದರು. ಅತ್ತೆ ಆರತಿ ತಟ್ಟೆ ಕೆಳಗಿಟ್ಟು ಹಿತ್ತಲಿಗೆ ಹೋದರು.

ಸಂಕ್ರಾಂತಿ ಕಳೆದ ಮೇಲೆ ಶುರುವಾಯಿತು ನೋಡಿ ಕಾಟ. ಒಂದು ಮದುವೆಯ ಪೂರ್ತಿ ವಿಡಿಯೋ ಒಟ್ಟುಗೂಡಿಸಲು ಬಿಟ್ಟು, ಸಾರಿಗೆ ಒಗ್ಗರಣೆ ಹಾಕಿ ಬರುವಷ್ಟರಲ್ಲಿ ಪರದೆ ಕಪ್ಪಗಾಗಿತ್ತು. ಕರೆಂಟು ಹೋಯಿತೇನೋ ಅಂದುಕೊಂಡರೆ ಮೇಲೆ ಫ್ಯಾನು ತಿರುಗುತ್ತಲೇ ಇದೆ. ಮತ್ತೆ ಹಚ್ಚಿದೆ, ಮತ್ತೆ ಆರಿತು. ಶಾಖ ತೋರಿಸುವ ಒಂದು ಸಾಫ್ಟ್‌ವೇರ್ ಹಾಕಿ ನೋಡಿದರೆ, ಏನೂ ಕೆಲಸವಿಲ್ಲದೆ ಸುಮ್ಮನೆ ಕೂತಾಗಲೇ ಎಪ್ಪತ್ತು ಡಿಗ್ರಿ. ಕೆಲಸಕ್ಕೆ ಹಚ್ಚಿದರೆ ನೋಡನೋಡುತ್ತಿದ್ದ ಹಾಗೆ ತೊಂಬತ್ತು, ನೂರು, ಆಮೇಲೆ ಟಪ್. ತನ್ನನ್ನು ತಾನು ಸುಟ್ಟುಕೊಳ್ಳಬಾರದು ಅಂತ ಪ್ರೊಸೆಸರ್ ತಾನೇ ಆರಿಸಿಕೊಳ್ಳುತ್ತದೆ. ಬುದ್ಧಿವಂತ ವಸ್ತು, ನನ್ನ ಪ್ರಾಣ ತಿನ್ನುವುದಕ್ಕೆ.

ಅತ್ತೆ ಅರಳೆ ಕೆಳಗಿಟ್ಟು ಕೇಳಿದರು. "ಏನಾಯ್ತಮ್ಮ?"

"ಬಿಸಿಯಾಗ್ತೈತೆ ಅತ್ತೆ. ಸರಿಮಾಡ್ತೀನಿ."

"ಯಾವಾಗ್ಲಿಂದ?"

ನಾನು ಬಾಯಿ ತಪ್ಪಿ, "ಆಯುಧಪೂಜೆ ಆದ್ಮೇಲಿಂದ ಫ್ಯಾನು ಒಂಥರಾ ಸದ್ದು ಮಾಡ್ತಿತ್ತು" ಅಂದೆ. ಆ ಮಾತನ್ನು ಅವರು ಎಲ್ಲಿಗೆ ತಗೊಂಡು ಹೋದರು ಅನ್ನುವುದು ನನಗೆ ಬೇಗನೆ ಹೊಳೆಯಿತು. ಯಾಕೆಂದರೆ ಮಾರನೆಯ ದಿನ ಪಕ್ಕದ ಬೀದಿಯಲ್ಲಿ ಕೂಸಿಗೆ ತೊಟ್ಟಿಲು ಹಾಕುವ ಶಾಸ್ತ್ರಕ್ಕೆ ಕರೆದರೆ, ಹಾಡು ಹೇಳಲು ಸದಾ ಮುಂದಿರುವವರು, ಕಾಲುನೋವು ಅಂತ ಮಲಗಿದರು. ಎದುರು ಮನೆಯವರು ಹೊಸ ಹಸು ತಂದಾಗ ಬಾಗಿಲಿಗೂ ಹೋಗಲಿಲ್ಲ. ನಾನು ಕೇಳಿದರೆ, "ಬುಡು, ನಂದ್ಯಾಕೆ" ಅನ್ನುವುದು. ಅಷ್ಟೇ ಅಲ್ಲ, ಹೂಬತ್ತಿ ಹೊಸೆಯುವಾಗ ನನ್ನ ಪರದೆಯ ಮದುವೆಗಳ ಬಗ್ಗೆ ಮಾತೂ ನಿಂತುಹೋಯಿತು. ಯಾವ ಹುಡುಗಿ ಆಕಳಿಸಿದರೂ ಕೇಳುವವರಿಲ್ಲ.

ಹಾಗಾಗಿ ಆ ಡಬ್ಬ ಸರಿಮಾಡುವುದು ಬರೀ ನನ್ನ ಕೆಲಸದ ಮಾತಾಗಿ ಉಳಿಯಲಿಲ್ಲ. ಅದು ಸರಿಹೋಗದಿದ್ದರೆ ಅತ್ತೆಯ ತಲೆಯೊಳಗೆ ದೊಡ್ಡಮ್ಮ ಗೆದ್ದ ಹಾಗೆ. ನನಗೆ ಹಟ ಬಂತು.

ಪಕ್ಕದ ತಗಡು ತೆಗೆದು ಟೇಬಲ್ ಫ್ಯಾನು ತಿರುಗಿಸಿದೆ. ಸ್ವಲ್ಪ ತಣ್ಣಗಾಯಿತು, ಮತ್ತೆ ಏರಿತು. ಕರೆಂಟಿನ ಏರುಪೇರು ಇರಬೇಕು ಅಂತ ಸ್ಟೆಬಿಲೈಸರ್ ತಂದೆ, ಪ್ರಯೋಜನವಿಲ್ಲ. ಆಲೆಮನೆಯ ಕಾಲ ಬೇರೆ, ಬೆಲ್ಲ ಕಾಯಿಸುವ ಒಲೆಗಳ ಕರಿ ಹಾರಿ ಬರುತ್ತದೆ ಅಂತ ಕಿಟಕಿ ಮುಚ್ಚಿದೆ. ಕಂಪ್ಯೂಟರ್ ಜೊತೆ ನಾವಿಬ್ಬರೂ ಬೆಂದೆವು. ಕೊನೆಗೆ ಹೊತ್ತುಕೊಂಡು ಮಂಡ್ಯದ ಒಂದು ರಿಪೇರಿ ಅಂಗಡಿಗೆ ಹೋದೆ. ಅವನು ಮೇಲಿಂದ ಬ್ಲೋವರ್ ಹೊಡೆದು, ಪ್ರೊಸೆಸರಿನ ಬಿಸಿ ದಾಟಿಸಲು ಹಚ್ಚುವ ಪೇಸ್ಟು ಬದಲಾಯಿಸಿ, ಎರಡು ದಿನ ಇಟ್ಟುಕೊಂಡು, "ಪ್ರೊಸೆಸರೇ ಹೋಗಿದೆ ಮೇಡಂ, ಬೋರ್ಡೂ ಡೌಟು. ಹೊಸದೇ ತಗೊಂಡ್ಬಿಡಿ" ಅಂದ. ಎಷ್ಟು ಸಲೀಸಾಗಿ ಅಂದ! ಬಾಯಿಗೆ ಬಂದದ್ದನ್ನು ನುಂಗಿಕೊಂಡು ಡಬ್ಬ ಎತ್ತಿಕೊಂಡು ಬಂದೆ.

ಮನೆಗೆ ಬಂದು ನನ್ನ ಗಂಡನಿಗೆ ಇದನ್ನು ಹೇಳುವಾಗ ಅತ್ತೆ ಅಡುಗೆಮನೆಯಲ್ಲಿದ್ದರು. ಕೇಳಿಸಿಕೊಂಡಿದ್ದಾರೆ. ಬೆಳಿಗ್ಗೆ ನೋಡಿದರೆ ಮಂಚದ ಮೇಲೆ ಬ್ಯಾಗು, ಅದರಲ್ಲಿ ನಾಲ್ಕು ಸೀರೆ ಮಡಿಸಿಟ್ಟಿದೆ.

"ದುದ್ದಕ್ಕೆ ಓಯ್ತೀನಿ ಕಣಮ್ಮ. ತಮ್ಮಂಗೆ ಫೋನ್ ಮಾಡಿವ್ನಿ, ಮದ್ಯಾನ ಬತ್ತಾನೆ. ನನ್ ಕೈ ತಾಕಿದ್ದು ಉಳಿಯಾಕಿಲ್ಲ. ನಿನ್ ಅನ್ನಕ್ಕೆ ನಾನ್ಯಾಕೆ ಅಡ್ಡ ಬರ್ಲಿ? ಒಸ ಮಿಸಿನ್ನು ತಂದಾಗ ನಾನು ಇರದು ಬ್ಯಾಡ."

"ಯಾವ ಕಾಲದಲ್ಲಿದ್ದೀರಿ ಅತ್ತೆ!" ಅಂತ ಕೂಗಿದೆ. "ಆ ದೊಡ್ಡಮ್ಮನ ಮಾತು ಕಟ್ಕೊಂಡು..."

"ಅವ್ಳು ಅಂದಿದ್ದಲ್ಲ. ಆಗಿದ್ದ ನೋಡ್ಕಂಡು ಯೋಳ್ತಿವ್ನಿ," ಅಂದರು. ಸಿಟ್ಟಿಲ್ಲ, ಅಳುವಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. ಗಂಡನ ಕಡೆ ತಿರುಗಿದರೆ ಅವರು "ನಾಲ್ಕು ದಿನ ಇದ್ದು ಬರ್ಲಿ ಬಿಡು" ಅಂದು ರೈಲಿಗೆ ಹೊರಟರು. ನಾಲ್ಕು ದಿನವಂತೆ! ಅತ್ತೆ ಬ್ಯಾಗಿಗೆ ತಮ್ಮ ಜಪಮಣಿ ಹಾಕಿಕೊಂಡದ್ದನ್ನು ಅವರು ನೋಡಿರಲಿಲ್ಲ, ನಾನು ನೋಡಿದ್ದೆ. ಅತ್ತೆ ವಾಪಸು ಬರುವವರಲ್ಲ.

ನನಗೆ ಉಳಿದದ್ದು ಮಧ್ಯಾಹ್ನದವರೆಗಿನ ಹೊತ್ತು. ಬಾಗಿಲು ಹಾಕಿಕೊಂಡು ಡಬ್ಬ ಬಿಚ್ಚಿದೆ. ಪ್ರೊಸೆಸರ್ ಅನ್ನುವುದು ಬೆಂಕಿಪೊಟ್ಟಣದಷ್ಟು ದೊಡ್ಡದೂ ಇಲ್ಲ. ಅದರ ತಲೆಯ ಮೇಲೆ ಒತ್ತೊತ್ತಾಗಿ ಜೋಡಿಸಿದ ಅಲ್ಯೂಮಿನಿಯಂ ತಗಡುಗಳ ಒಂದು ಗಟ್ಟಿ, ಅದರ ಮೇಲೊಂದು ಫ್ಯಾನು. ಕೆಳಗಿನ ಬಿಸಿ ತಗಡಿಗೆ ಹತ್ತಬೇಕು, ಫ್ಯಾನಿನ ಗಾಳಿ ತಗಡಿನ ಸಂದಿಗಳಲ್ಲಿ ನುಗ್ಗಿ ಆ ಬಿಸಿಯನ್ನು ಹೊತ್ತುಕೊಂಡು ಹೋಗಬೇಕು. ಇಷ್ಟೇ ಸಂಗತಿ. ಫ್ಯಾನು ಚೆನ್ನಾಗಿ ತಿರುಗುತ್ತಿದೆ, ಪೇಸ್ಟು ಹೊಸದು. ಹಾಗಿದ್ದ ಮೇಲೆ ಗಾಳಿ ಎಲ್ಲಿಗೆ ಹೋಗುತ್ತಿದೆ? ಅಂಗಡಿಯವನು ಫ್ಯಾನನ್ನು ತಗಡಿನಿಂದ ಬೇರೆ ಮಾಡಿಯೇ ಇರಲಿಲ್ಲ ಅನ್ನುವುದು ಆಗ ಕಾಣಿಸಿತು. ಸ್ಕ್ರೂಗಳ ಮೇಲಿನ ಧೂಳು ಹಾಗೇ ಕೂತಿತ್ತು. ನಾನು ಸ್ಕ್ರೂ ಬಿಚ್ಚಿ ಫ್ಯಾನು ಎತ್ತಿದೆ. ಕೆಳಗೆ ತಗಡೇ ಕಾಣಲಿಲ್ಲ. ಕಂಬಳಿಯ ತುಂಡೊಂದನ್ನು ಕತ್ತರಿಸಿ ಹಾಸಿದ ಹಾಗೆ ಕಂದು ಬಣ್ಣದ ದಪ್ಪ ಪದರ. ಉಗುರಿನಲ್ಲಿ ಕೆರೆದರೆ ಅಂಟು.

"ಅಯ್ಯೋ ನಿನ್ನ!" ಅಂತ ಒಬ್ಬಳೇ ಕೂಗಿಕೊಂಡೆ. ಬೈಗುಳವೋ ಸಂತೋಷವೋ ನನಗೇ ಗೊತ್ತಾಗಲಿಲ್ಲ.

ಒರೆಸಿದರೆ ಹೋಗುವ ಕೊಳೆಯಲ್ಲ ಅದು. ಆ ತಗಡಿನ ಗಟ್ಟಿಯನ್ನು ಕಳಚಿ ಸೆರಗಿನಲ್ಲಿ ಸುತ್ತಿಕೊಂಡು ಬೀದಿ ಕೊನೆಯ ಬೈಕ್ ಮೆಕ್ಯಾನಿಕ್ ಹತ್ತಿರ ಓಡಿದೆ. ನಾವೆಲ್ಲ ಅವರನ್ನು ಭಾಯಿ ಅಂತಲೇ ಕರೆಯುವುದು. ಕಾರ್ಬ್ಯುರೇಟರ್ ತೊಳೆಯುವ ಬ್ರಷ್ಷು, ಪೆಟ್ರೋಲು, ಗಾಳಿ ಹೊಡೆಯುವ ಮಿಷನ್ನು ಎಲ್ಲ ಅವರಲ್ಲುಂಟು. ಭಾಯಿ ಅದನ್ನು ತಿರುಗಿಸಿ ನೋಡಿ, ಮೂಗಿನ ಹತ್ತಿರ ಹಿಡಿದರು.

"ಅರೆ! ಏನಕ್ಕ ಇದು, ಲೋಬಾನದ ವಾಸ್ನೆ ಬತ್ತೈತೆ? ನಿಮ್ ಕಂಪ್ಯೂಟ್ರು ನಮ್ ದರ್ಗಾಕ್ಕೆ ಓಗಿ ಬಂದೈತಾ?"

ನಾನು ಕಸಿದುಕೊಂಡು ಮೂಸಿದೆ. ಸಾಂಬ್ರಾಣಿ. ಅನುಮಾನವೇ ಇಲ್ಲ. ಆ ಕಂದು ಪದರವನ್ನು ಬಿಡಿಸಿ ನೋಡಿದರೆ ಒಳಗೆಲ್ಲ ಬಿಳಿ ಎಳೆಗಳು, ಹೂಬತ್ತಿಯ ಅರಳೆಯ ಎಳೆಗಳು. ಸಾಂಬ್ರಾಣಿಯ ಅಂಟಿಗೆ ಅರಳೆ ಕೂತು, ಅರಳೆಗೆ ಮತ್ತೆ ಹೊಗೆ ಕೂತು, ಒಂದು ಚಾಪೆಯೇ ನೇಯ್ದುಕೊಂಡಿತ್ತು. ಆಯುಧಪೂಜೆಯ ಒಂದು ದಿನದ ಧೂಪಕ್ಕೆ ಇಷ್ಟಾಗುವುದಿಲ್ಲ. ಅತ್ತೆ ದಿನಾ ಹಾಕುತ್ತಿದ್ದಾರೆ. ಸಂಜೆ ನಾನು ಹಾಲಿನ ಡೈರಿಗೆ ಹೋದಾಗ, ನನಗೆ ಗೊತ್ತಾಗದ ಹಾಗೆ. ಮನೆಗೆಲ್ಲ ಧೂಪ ಹಿಡಿಯುವುದು ಇದ್ದದ್ದೇ ಆದ್ದರಿಂದ ವಾಸನೆ ಬಂದರೂ ನಾನು ತಲೆ ಕೆಡಿಸಿಕೊಂಡಿರಲಿಲ್ಲ.

ಭಾಯಿ ಪೆಟ್ರೋಲಿನಲ್ಲಿ ಅದ್ದಿ, ಬ್ರಷ್ಷಿನಲ್ಲಿ ಉಜ್ಜಿ, ಗಾಳಿ ಹೊಡೆದು ಕೊಟ್ಟರು. ತಗಡು ಹೊಸ ಪಾತ್ರೆಯಂತೆ ಹೊಳೆಯಿತು. ನನಗೆ ಕುಣಿಯಬೇಕು ಅನ್ನಿಸಬೇಕಿತ್ತು. ಆದರೆ ವಾಪಸು ಬರುವ ದಾರಿಯಲ್ಲಿ ಎದೆ ಭಾರವಾಯಿತು. ನಿಜ ಹೇಳಿದರೆ ಅತ್ತೆ ಏನನ್ನುತ್ತಾರೆ? "ನೋಡ್ದಾ, ನಾನೇ ಕೆಡಿಸಿದ್ದು" ಅನ್ನುತ್ತಾರೆ. ಅದನ್ನು ಕೇಳುವ ಶಕ್ತಿ ನನಗಿರಲಿಲ್ಲ. ಧೂಳಿತ್ತು, ತೆಗೆದೆ ಅಂತ ಹೇಳಿ ಮುಗಿಸೋಣ, ಧೂಪದ ವಿಷಯ ಎತ್ತುವುದೇ ಬೇಡ, ಡಬ್ಬವನ್ನು ನಡುಮನೆಗೆ ಸಾಗಿಸೋಣ ಅಂತ ತೀರ್ಮಾನ ಮಾಡಿಕೊಂಡೇ ಮನೆಯೊಳಗೆ ಕಾಲಿಟ್ಟೆ.

ಪೇಸ್ಟು ಹಚ್ಚಿ, ಎಲ್ಲ ಕೂರಿಸಿ, ಹಚ್ಚಿದೆ. ನಲವತ್ತು. ಕಣ್ಣು ಉಜ್ಜಿಕೊಂಡೆ. ನಲವತ್ತೇ. ಹಟ ಮಾಡುತ್ತಿದ್ದ ಆ ಮದುವೆಯನ್ನೇ ಕೆಲಸಕ್ಕೆ ಹಚ್ಚಿ ಪರದೆ ಮುಂದೆ ಉಸಿರು ಬಿಗಿಹಿಡಿದು ಕೂತೆ. ಐವತ್ತು, ಅರವತ್ತು, ಅರವತ್ತೆಂಟು, ಅಲ್ಲೇ ನಿಂತಿತು. ಸೆರೆಮನೆಯಿಂದ ಬಿಟ್ಟ ಹಾಗಾಯಿತು ನನಗೆ. ಪ್ರೊಸೆಸರ್ ಹೋಗಿದೆಯಂತೆ! ಆ ಅಂಗಡಿಯವನ ಮನೆ ಹಾಳಾಗ! "ಅತ್ತೆ! ಬನ್ನಿ ಇಲ್ಲಿ! ಸರಿಹೋಯ್ತು!" ಅಂತ ಬೀದಿಗೆ ಕೇಳುವ ಹಾಗೆ ಕೂಗಿದೆ.

ಅತ್ತೆ ಬಾಗಿಲ ಹತ್ತಿರ ಬಂದು ನಿಂತರು. ಒಳಗೆ ಬರಲಿಲ್ಲ. ಅವರ ಮುಖವೂ ಅರಳಿತು, ನಿಜವಾಗಿಯೂ ಅರಳಿತು. ಆಮೇಲೆ ಅಂದರು: "ನೋಡ್ದಾ? ನಾನು ಒಂಟಿದ್ದೇ ತಡ, ಸರಿಹೋಯ್ತು."

ನನ್ನ ತೀರ್ಮಾನ ಗೀರ್ಮಾನ ಎಲ್ಲ ಅಲ್ಲೇ ಸುಟ್ಟುಹೋಯಿತು. ತಲೆ ಕೆಟ್ಟುಹೋಯಿತು ನನಗೆ.

"ಅತ್ತೆ, ದಿನಾ ಇದ್ರ ಮುಂದೆ ಸಾಂಬ್ರಾಣಿ ಹಾಕ್ತಿದ್ದಿರೋ ಇಲ್ವೋ? ನಿಜ ಹೇಳಿ!"

ಅವರು ಬೆಚ್ಚಿದರು. ಸೆರಗು ಸರಿಮಾಡಿಕೊಂಡರು. "ಆಕ್ತಿದ್ದೆ. ಮೊದ್ಲು ಸುಕ್ರವಾರ ಆಕ್ತಿದ್ದೆ. ಆಮೇಲೆ ಇದು ಕೆಡ್ತಾ ಬಂತಲ್ಲ, ನನ್ ಕೈ ದೋಸ ಓಗ್ಲಿ ಅಂತ ದಿನಾ ಆಕ್ದೆ. ಮುಂದ್ಗಡೆ ಇಡಿದ್ರೆ ಒಗೆನೆಲ್ಲ ಒಳಕ್ಕೆ ಎಳ್ಕತಿತ್ತು ಕಣಮ್ಮ. ಒಪ್ಕಂತು ಅನ್ಕಂಡೆ. ಅಂಗಿದ್ರೂ ಕೆಡ್ತಾನೇ ಓಯ್ತು."

"ಆ ಹೊಗೆಯಿಂದ್ಲೇ ಅತ್ತೆ ಕೆಟ್ಟಿದ್ದು! ಹೊಗೆ ಒಳಗೆ ಹೋಗಿ ಅಂಟಾಗಿ, ನಿಮ್ ಹೂಬತ್ತಿ ಅರಳೆ ಅದಕ್ಕೆ ಮೆತ್ಕೊಂಡು ಗಾಳಿ ಆಡೋ ಸಂದಿಯೆಲ್ಲ ಮುಚ್ಚೋಗಿತ್ತು!"

ಅವರ ಮುಖ ಬಿಳುಚಿಕೊಂಡಿತು. "ಅಂಗಾದ್ರೆ ನನ್ ಕೈಯೇ," ಅಂದರು.

"ಕೈಯಲ್ಲ! ಹೊಗೆ! ಎಷ್ಟು ಸಲ ಹೇಳ್ಲಿ?" ಅಂತ ಅಡುಗೆಮನೆಗೆ ನುಗ್ಗಿ, ಧೂಪದ ಬಟ್ಟಲಿಗೆ ತೆಂಗಿನ ಚಿಪ್ಪಿನ ಕೆಂಡ ಹಾಕಿಕೊಂಡು, ಬೆರಳು ಸುಟ್ಟುಕೊಂಡು, ಸಾಂಬ್ರಾಣಿ ಪುಡಿ ಉದುರಿಸಿಕೊಂಡು ಬಂದೆ. ಈಗಷ್ಟೇ ಉಜ್ಜಿ ಉಜ್ಜಿ ತೊಳೆದ ಯಂತ್ರಕ್ಕೆ ನಾನೇ ಹೊಗೆ ಹಾಕಲು ಹೊರಟವಳನ್ನು ಯಾರಾದರೂ ನೋಡಿದ್ದರೆ ನನಗೇ ತಾಯತ ಕಟ್ಟಿಸುತ್ತಿದ್ದರು. ಓಡುತ್ತಿದ್ದ ಡಬ್ಬದ ಮುಂದಿನ ಜಾಲರಿಗೆ ಹಿಡಿದೆ. ಮೇಲೇಳುತ್ತಿದ್ದ ಹೊಗೆ ಬಾಗಿ, ಸಣ್ಣ ತೊರೆಯಾಗಿ ಒಳಗೆ ಹೋಯಿತು. "ನೋಡಿ. ನಾನು ಮುತ್ತೈದೆ ತಾನೇ? ನನ್ ಕೈಯಿಂದ್ಲೂ ಒಳಕ್ಕೇ ಹೋಗ್ತೈತೆ. ಇಷ್ಟು ತಿಂಗಳು ನಾನು ಹಾಕಿದ್ರೂ ಹಿಂಗೇ ಕೆಡ್ತಿತ್ತು."

ಅತ್ತೆ ಬಾಗಿಲು ದಾಟಿ ಒಳಗೆ ಬಂದರು. ಬಗ್ಗಿ ನೋಡಿದರು. ನನ್ನ ಕೈಯಿಂದ ಧೂಪ ತಗೊಂಡು ತಾವು ಹಿಡಿದರು. ಹೊಗೆ ಅದೇ ಥರ ಬಾಗಿ ಅದೇ ಜಾಲರಿಗೆ ಹೋಯಿತು.

"ಆಪು ಮಾಡು," ಅಂದರು.

"ಏನು?"

"ಅದ್ನ ಆಪು ಮಾಡು, ನೋಡ್ವ."

ಅರ್ಧ ಆಗಿದ್ದ ಮದುವೆಯನ್ನು ನಿಲ್ಲಿಸಿ ಆಫ್ ಮಾಡಿದೆ. ಒಳಗಿನ ಫ್ಯಾನುಗಳು ತಿರುಗಿ ತಿರುಗಿ ನಿಂತವು. ಅತ್ತೆ ಧೂಪವನ್ನು ಅಲ್ಲೇ ಹಿಡಿದುಕೊಂಡಿದ್ದರು. ಹೊಗೆ ಜಾಲರಿಯ ಕಡೆ ತಿರುಗಿಯೂ ನೋಡದೆ ನೆಟ್ಟಗೆ ಮೇಲಕ್ಕೆ ಹೋಯಿತು. ಅವರು ಧೂಪ ನನ್ನ ಕೈಗೆ ಕೊಟ್ಟರು. ನನ್ನ ಕೈಯಿಂದಲೂ ನೆಟ್ಟಗೆ ಮೇಲಕ್ಕೇ ಹೋಯಿತು.

"ಅಂಗಾದ್ರೆ," ಅಂತ ನಿಧಾನಕ್ಕೆ ಅಂದರು, "ಇದು ಒಪ್ಕಂಡಿದ್ದೂ ಅಲ್ಲ, ಒಲ್ಲೆ ಅಂದಿದ್ದೂ ಅಲ್ಲ."

"ಅಲ್ಲ ಅತ್ತೆ. ಅದಕ್ಕೆ ಯಾರ ಕೈಯೂ ಗೊತ್ತಿಲ್ಲ."

ಅವರು ಚಾಪೆಯ ಮೇಲೆ ಕುಸಿದು ಕೂತರು. ಅಳುತ್ತಾರೆ ಅಂದುಕೊಂಡೆ. ಅತ್ತರು ಕೂಡ, ಸ್ವಲ್ಪ. ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಮೊದ್ಲೇ ಯೋಳಕ್ಕೆ ಏನಾಗಿತ್ತೇ ನಿಂಗೆ? ಎಷ್ಟೊಂದು ಸಾಂಬ್ರಾಣಿ ದಂಡ ಮಾಡ್ಬುಟ್ಟೆ!" ಅಂತ ನನ್ನನ್ನೇ ಬೈದರು. ಎಷ್ಟು ದಿನವಾಗಿತ್ತು ಅವರು ನನ್ನನ್ನು ಹಾಗೆ ಬೈದು! ನಾನು ಧೂಪದ ಬಟ್ಟಲು ಹಿಡಿದುಕೊಂಡೇ ನಕ್ಕೆ. ಹೊಗೆ ಕಣ್ಣಿಗೆ ಹೋಗಿ ನನಗೂ ನೀರು ಬಂತು, ಹೊಗೆಯಿಂದ ಮಾತ್ರ ಅಲ್ಲ.

ಅಷ್ಟರಲ್ಲಿ ಹೊರಗೆ ಬೈಕು ನಿಂತ ಸದ್ದು. ದುದ್ದದ ತಮ್ಮ, ಹೆಲ್ಮೆಟ್ ಕೈಯಲ್ಲಿ ಹಿಡಿದು ಒಳಗೆ ಬಂದರು. ಮಂಚದ ಮೇಲಿನ ಬ್ಯಾಗು ನೋಡಿ ಎತ್ತಿಕೊಳ್ಳಲು ಬಗ್ಗಿದರು. "ನಡಿ ಅಕ್ಕ, ಒತ್ತಾಗೋಕೆ ಮುಂಚೆ ಒಂಟೋಗವ."

"ಅದ್ನ ಮಡುಗ್ಲಾ ಅಲ್ಲಿ," ಅಂದರು ಅತ್ತೆ. "ಮುದ್ದೆ ಆಗೈತೆ, ಉಂಡ್ಕಂಡು ಓಗು. ನಾನು ಬರಾಕಿಲ್ಲ."

ತಮ್ಮನಿಗೆ ರೇಗಿತು. "ಇದೇನಕ್ಕ? ಬೆಳಗ್ಗೆ ನನ್ ಕೈಯೇ ಸರಿಯಿಲ್ಲ, ಕರ್ಕೊಂಡೋಗ್ಲಾ ಅಂತ ಅತ್ಕಂಡು ಫೋನ್ ಮಾಡಿದ್ಯಲ್ಲ?"

ಅತ್ತೆ ನನ್ನ ಕಡೆ ಒಂದು ಸಲ ನೋಡಿದರು. ಆಮೇಲೆ ತಮ್ಮ ಎರಡೂ ಕೈ ಮುಂದೆ ಚಾಚಿ, ತಿರುಗಿಸಿ, ಯಾರದೋ ಕೈ ಅನ್ನುವ ಹಾಗೆ ನೋಡಿಕೊಂಡರು.

"ಒಗೆ ಕಣ್ಲಾ," ಅಂದರು. "ಬರೀ ಒಗೆ."